ಜಿಪ್ ಅಷ್ಟೇ ಬಿಚ್ಚು

ಅಕ್ಕ ತಾನೇ ಹೇಳಿದ್ದು. ನಾನು ಬರೆಸಿದ್ದಲ್ಲ.
ಎದುರು ಮಂಚದ ಮುದುಕಿಯ ಎದೆ ಒತ್ತುವಾಗ
ಪಕ್ಕೆಲುಬು ಲಟಕ್ಕೆಂದದ್ದು ಕೇಳಿ
ರಾತ್ರಿಯೆಲ್ಲ ಎಚ್ಚರಿದ್ದು ಬೆಳಿಗ್ಗೆ ಅಂದಳು:
"ಎರ್ರಿ, ನನ್ನ ಗುಂಡಿಗಿ ನಿಂತ್ರ ನಿಲ್ಲಲಿ.
ಯಾರೂ ಮ್ಯಾಲೆ ಹತ್ತಿ ಗುದ್ದಬ್ಯಾಡ್ರಿ."

ಚಿಕ್ಕ ಡಾಕ್ಟರು ಎರಡು ಸಲ ಕೇಳಿದ,
ಬರೆದ, ಓದಿ ಹೇಳಿದ.
ಮೂವತ್ತು ವರ್ಷ ಜೀನ್ಸಿಗೆ ಗುಂಡಿ ಹಚ್ಚಿದ ಬೆರಳಿಂದ
ಅಕ್ಕ ಸಹಿ ಮಾಡಿದಳು: ಸುಂಕ್ಲಮ.
ಒತ್ತು ಮರೆತದ್ದು ನೆನಪಾಗಿ
ಕಾಗದ ವಾಪಸ್ ಕೇಳಿ ಹಾಕಿಕೊಟ್ಟಳು.

ಫೈಲಿನ ಮೇಲೆ ಕೆಂಪು ಚೀಟಿ ಅಂಟಿತು.

ಮರುದಿನ ರೌಂಡ್ಸಿನ ಗುಂಪು
ಹದಿಮೂರನೇ ಮಂಚದಿಂದ ಹದಿನೈದಕ್ಕೆ ಹೋಯಿತು,
ನಡುವೆ ಒಂದು ತಲೆಯಾಡಿಕೆ.
ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುತ್ತಿದ್ದವರು
ಊಟದ ಹೊತ್ತಿಗೊಮ್ಮೆ ಬಂದರು.
ಸಂಜೆ ಜ್ವರ ಬಂತು.
ಮೂತ್ರ ಪರೀಕ್ಷೆಗೆ ಕಳಿಸಲಿಲ್ಲ ಯಾಕೆ ಅಂದರೆ
"ಗೊತ್ತೈತಲ್ರಿ, ಆ ಪೇಷಂಟು..." ಎಂದು
ಮಾತನ್ನು ಅಷ್ಟಕ್ಕೇ ಬಿಟ್ಟ ಒಬ್ಬ.
ಕೆಟ್ಟವರೇನಲ್ಲ. ನಲವತ್ತು ಮಂಚಕ್ಕೆ ಇಬ್ಬರು ಸಿಸ್ಟರು,
ಕೆಟ್ಟ ಫ್ಯಾನು, ಬಳ್ಳಾರಿಯ ಏಪ್ರಿಲ್ಲು.
ಕಿಟಕಿಯಾಚೆ ಕೋಟೆ ಗುಡ್ಡವೇ
ಬಿಸಿಲಿಗೆ ಮಗ್ಗುಲು ಬದಲಿಸಲಾರದೆ ಬಿದ್ದಿತ್ತು.

ಅಕ್ಕನ ತುಟಿ ಸಿಪ್ಪೆ ಸಿಪ್ಪೆ.
ನಾನು ಒದ್ದೆ ಹತ್ತಿ ಹಿಡಿದು ನಿಂತೆ,
ಕುಡಿಸಬೇಕೋ, ಒರೆಸಬೇಕೋ,
ಕೇಳಲು ಯಾರೂ ಇಲ್ಲ.
ಸೊಂಟದ ಕೆಳಗೆ ಚರ್ಮ
ಹಣ್ಣು ಅಂಜೂರದ ಬಣ್ಣಕ್ಕೆ ತಿರುಗಿತ್ತು.

ಮೂರನೇ ರಾತ್ರಿ, ಶಾಹೀನ್ ಸಿಸ್ಟರ್ ಒಬ್ಬರೇ ಇದ್ದಾಗ
ಯಾಕೋ ಪ್ಯಾಂಟಿನ ಕಥೆ ಹೇಳಿದೆ.

ಕೌಲ್ ಬಜಾರಿನ ಯೂನಿಟ್ಟಿನಲ್ಲಿ ಅಕ್ಕ ಕೊನೆಯ ಕೈ.
ಚೆಕ್ಕಿಂಗಿನ ಹುಡುಗ ಸೀಮೆಸುಣ್ಣದಲ್ಲಿ
ಅಡ್ಡ ಗೀಟು ಎಳೆದ ಪೀಸು
ಮೂಲೆಗೆ ಬೀಳುತ್ತಿತ್ತು. ಅದರ ಮೇಲೆ ಕುಂತು
ಉಂಡರು, ಬೆಕ್ಕು ಮರಿ ಹಾಕಿತು,
ಚಹಾ ಚೆಲ್ಲಿದರೂ ಯಾರೂ ಒರೆಸಲಿಲ್ಲ.
ಅಕ್ಕ ಒಂದೊಂದೇ ಎತ್ತಿ ಝಾಡಿಸಿ ಬೈಯುತ್ತಿದ್ದಳು:
"ಜಿಪ್ ಕೆಟ್ರ ಜಿಪ್ ಅಷ್ಟೇ ಬಿಚ್ಚೋ ಹುಚ್ಚಪ್ಪ,
ಪ್ಯಾಂಟ್ ಏನು ಮಾಡಿತ್ತು ನಿನಗ?"

ಸಿಸ್ಟರ್ ನಗಲಿಲ್ಲ. ಫೈಲು ತೆಗೆದು
ಕೆಂಪು ಚೀಟಿಯನ್ನೇ ನೋಡುತ್ತ ಇದ್ದು,
"ನಾನೂ ಹಂಗ ಓದಿದ್ನೆಪ್ಪಾ" ಅಂದರು.
"ಎದಿ ಒತ್ತಬ್ಯಾಡ ಅಂತ ಅಷ್ಟೇ ಐತಿ ಇದರಾಗ."

ಆಮೇಲೆ ನೀಲಿ ಪೆನ್ನಿನಲ್ಲಿ, ಚೀಟಿಯ ಕೆಳಗೆ,
ಮಗ್ಗುಲು. ಬಾಯಿ. ಜ್ವರ. ನೋವು.
ಒಂದೊಂದು ಪದಕ್ಕೂ ಒಂದೊಂದು ಗಂಟೆ ಬರೆದರು.
ರಾತ್ರಿ ಒಂದಕ್ಕೆ ಚಿಕ್ಕ ಡಾಕ್ಟರನ್ನು ಎಬ್ಬಿಸಿದರು.
ಕಣ್ಣುಜ್ಜುತ್ತ ಬಂದವನು
ಚೀಟಿ ನೋಡಿ ಏನೋ ಹೇಳಹೊರಟು, ತಡೆದು,
ಬಗ್ಗಿ ಅಕ್ಕನ ಕಾಲು ಮುಟ್ಟಿ ನೋಡಿದ,
ಬಿಸಿಯಿತ್ತು.
ಇಂಜೆಕ್ಷನ್ ಬರೆದ.

ಗುಣವಾದಳು ಅಂತ ಹೇಳುತ್ತಿಲ್ಲ.
ಕಿಡ್ನಿ ವಾಪಸ್ ಬರಲಿಲ್ಲ, ಬರುವುದೂ ಇಲ್ಲ.
ಒಂದು ದಿನ ಗುಂಡಿಗೆ ನಿಲ್ಲುತ್ತದೆ,
ಆಗ ನಾವೆಲ್ಲ ಕೈ ಕಟ್ಟಿ ನಿಲ್ಲುತ್ತೇವೆ,
ಮಾತು ಕೊಟ್ಟಿದ್ದೇವೆ.
ಆದರೆ ಅವತ್ತು ಗುರುವಾರ, ಬೆಳಿಗ್ಗೆ,
ಜ್ವರ ಇಳಿದು, ಎರಡು ಚಮಚ ಗಂಜಿ ನುಂಗಿ,
ಹೊಸ ಮಗ್ಗುಲಿಗೆ ತಿರುಗಿದವಳು
ಆಸ್ಪತ್ರೆಯ ಹಾಸಿನ ಅಂಚನ್ನು
ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು
ಉದ್ದಕ್ಕೂ ಸವರಿ, ನಿಂತು,
"ಇಲ್ಲಿ ನೋಡೋ" ಅಂದಳು,
"ಓವರ್‌ಲಾಕ್ ಬಿಟ್ಟೈತಿ. ಸೂಜಿ ತಾ."